ಕೂಗದ ಕುಕ್ಕರ್, ಉಕ್ಕದ ಓಟ್ಸ್

ವರ್ತೂರು, ಗುಂಜೂರು, ಪಣತ್ತೂರು ಕಡೆ ರೂಮ್ ಮಾಡಿಕೊಂಡಿರುವ ನಮ್ಮಂಥವರಿಗೆ ದಿನದಲ್ಲಿ ಮೊದಲು ತಪ್ಪಿಹೋಗುವುದೇ ತಿಂಡಿ. ವರ್ತೂರು ಕೋಡಿಯ ಟ್ರಾಫಿಕ್ ದಾಟಿ ಮೊದಲ ಕ್ಲಾಸಿಗೆ ಸೇರಬೇಕು ಅಂದರೆ ಒಲೆ ಮುಂದೆ ನಿಲ್ಲೋಕೆ ಪುರಸೊತ್ತೆಲ್ಲಿ? ಹಾಗಾಗಿ ಒಂದೋ ಬರೀ ಹೊಟ್ಟೆ, ಇಲ್ಲವೇ ಬಿಸಿನೀರು ಸುರಿದರೆ ರೆಡಿಯಾಗುವ ಮಸಾಲಾ ಓಟ್ಸ್ ಪ್ಯಾಕೆಟ್. ನಾಲ್ಕು ಜನ ಸೇರಿ ಒಂದು ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಇಟ್ಟುಕೊಂಡರೆ ಮೂರನೇ ದಾರಿಯೊಂದಿದೆ. ಅದು ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಎಚ್ಚರ ಬೇಕು ಅಂತ ನೋಡೋಣ.

ಕಾಳು ಒಂದೇ, ರೂಪ ಬೇರೆ

ಅಂಗಡಿಯಲ್ಲಿ ಸಿಗುವ ಓಟ್ಸ್ ಎಲ್ಲವೂ ಒಂದೇ ಧಾನ್ಯ. ಸಿಪ್ಪೆ ತೆಗೆದ ಕಾಳನ್ನು ಎರಡು-ಮೂರು ತುಂಡು ಮಾಡಿದರೆ ಸ್ಟೀಲ್ ಕಟ್ ಓಟ್ಸ್. ಆವಿಯಲ್ಲಿ ಬೇಯಿಸಿ, ಅವಲಕ್ಕಿಯ ಹಾಗೆ ಚಪ್ಪಟೆ ಮಾಡಿದರೆ ರೋಲ್ಡ್ ಓಟ್ಸ್. ಇನ್ನೂ ತೆಳ್ಳಗೆ ಒತ್ತಿದರೆ ಇನ್‌ಸ್ಟಂಟ್. ತೆಳ್ಳಗಾದಷ್ಟೂ ಬೇಗ ಬೇಯುತ್ತೆ, ಆದರೆ ಅಷ್ಟೇ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನೂ ಏರಿಸುತ್ತೆ. ಹನ್ನೊಂದು ಗಂಟೆ ಲ್ಯಾಬಿನಲ್ಲಿ ಮತ್ತೆ ಹಸಿವಾಗೋದಕ್ಕೆ ಇದೂ ಒಂದು ಕಾರಣ. ಮಸಾಲಾ ಪ್ಯಾಕೆಟ್ ಆದರೆ ಹಿಂಬದಿಯಲ್ಲಿ ಸೋಡಿಯಂ ಎಷ್ಟಿದೆ ಅಂತಲೂ ಓದಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 2 ಗ್ರಾಂಗಿಂತ ಕಡಿಮೆ.

ಓಟ್ಸ್‌ನ ನಿಜವಾದ ಬಂಡವಾಳ ಬೀಟಾ ಗ್ಲುಕಾನ್ ಎಂಬ ನಾರು. ನೀರಿನಲ್ಲಿ ಲೋಳೆಯಾಗುವ ಇದು ಹೊಟ್ಟೆಯಲ್ಲಿ ಆಹಾರ ನಿಧಾನವಾಗಿ ಸಾಗುವಂತೆ ಮಾಡುತ್ತೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಕೊಲೆಸ್ಟೆರಾಲ್ ತಗ್ಗಿಸಲು ನೆರವಾಗುತ್ತೆ ಎಂಬ ಮಾತನ್ನು ಪ್ಯಾಕೆಟ್ಟಿನ ಮೇಲೆ ಹಾಕಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಒಪ್ಪಿಗೆ ಕೊಟ್ಟಿತು. 40 ಗ್ರಾಂ ಓಟ್ಸ್‌ನಲ್ಲಿ ಸಿಗುವುದು ಸುಮಾರು 1.6 ಗ್ರಾಂ. ಅಂದರೆ ಒಂದು ಬಟ್ಟಲಿಗೆ ಅರ್ಧ ದಾರಿ ಸವೆದ ಹಾಗೆ, ಅಷ್ಟೇ. ಮ್ಯಾಜಿಕ್ ಏನಿಲ್ಲ.

ಕುಕ್ಕರ್ ಯಾಕೆ ಬೇಕು?

ಸ್ಟೀಲ್ ಕಟ್ ತುಂಡು ದಪ್ಪ. ತೆರೆದ ಪಾತ್ರೆಯಲ್ಲಿ ಕೈಯಾಡಿಸುತ್ತಾ ಅರ್ಧ ಗಂಟೆ ಬೇಯಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಉರಿ ಎಷ್ಟೇ ಜೋರು ಮಾಡಿ, ಅದರ ಮೇಲೆ ಏರಲ್ಲ. ಕುಕ್ಕರಿನೊಳಗೆ ಒತ್ತಡ ಏರಿದಾಗ ಅದೇ ನೀರು 115 ಡಿಗ್ರಿ ಆಸುಪಾಸು ತಲುಪುತ್ತೆ. 1679ರಲ್ಲಿ ಡೆನಿಸ್ ಪ್ಯಾಪಿನ್ ಲಂಡನ್ನಿನಲ್ಲಿ ತೋರಿಸಿದ ಪಾತ್ರೆಯ ತತ್ವವೂ ಇದೇ.

ಮನೆಯ ಕುಕ್ಕರ್ ಕೂಗುವಾಗ ಆವಿ ಬಿಟ್ಟು ಒತ್ತಡ ಇಳಿಸಿಕೊಳ್ಳುತ್ತೆ. ಎಲೆಕ್ಟ್ರಿಕ್ ಕುಕ್ಕರ್ ಕೂಗಲ್ಲ. ತಳದ ಸೆನ್ಸರ್ ನೋಡಿಕೊಂಡು ಹೀಟರನ್ನು ಆನ್-ಆಫ್ ಮಾಡುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತಲ್ಲ, ಫೀಡ್‌ಬ್ಯಾಕ್ ಲೂಪ್. ಹಾಗಾಗಿ ಪಕ್ಕದಲ್ಲಿ ನಿಂತು ಕೂಗು ಎಣಿಸಬೇಕಿಲ್ಲ. ಸ್ನಾನಕ್ಕೆ ಹೋಗಿ ಬರಬಹುದು.

ಮಾಡುವ ಕ್ರಮ (ನಾಲ್ಕು ಜನಕ್ಕೆ, 6 ಲೀಟರ್ ಕುಕ್ಕರ್)

1. ಸಾಟೆ ಬಟನ್ ಒತ್ತಿ, ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಶುಂಠಿ, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಒಗ್ಗರಣೆ ಮಾಡಿ. ಹೆಚ್ಚಿದ ಕ್ಯಾರೆಟ್, ಬೀನ್ಸ್ ಸೇರಿಸಿ.
2. ಒಂದು ಕಪ್ ಸ್ಟೀಲ್ ಕಟ್ ಓಟ್ಸ್, ತೊಳೆದ ಕಾಲು ಕಪ್ ಹೆಸರುಬೇಳೆ ಹಾಕಿ ಒಂದು ನಿಮಿಷ ಹುರಿಯಿರಿ.
3. ನಾಲ್ಕು ಕಪ್ ನೀರು, ಉಪ್ಪು, ಚಿಟಿಕೆ ಅರಿಶಿನ. ತಳಕ್ಕೆ ಹಿಡಿದದ್ದನ್ನು ಸೌಟಿನಿಂದ ಪೂರ್ತಿ ಕೆರೆದು ಬಿಡಿಸಿ. ಬಿಡಿಸದಿದ್ದರೆ ಸೀದು ಹೋಗುತ್ತೆ, ಕೆಲವು ಮಾಡೆಲ್‌ಗಳು ನಡುವೆಯೇ ನಿಂತುಬಿಡುತ್ತವೆ.
4. ಮುಚ್ಚಳ ಹಾಕಿ, ಹೆಚ್ಚಿನ ಒತ್ತಡದಲ್ಲಿ 5 ನಿಮಿಷ ಇಡಿ. ಆಮೇಲೆ 15 ನಿಮಿಷ ಮುಟ್ಟಬೇಡಿ.
5. ತೆರೆದು ಕಲಸಿ, ನಿಂಬೆರಸ, ಕೊತ್ತಂಬರಿ ಹಾಕಿ.

ಒತ್ತಡ ಏರುವ ಹೊತ್ತೂ ಸೇರಿ ಒಟ್ಟು ಅರ್ಧ ಗಂಟೆಗೂ ಸ್ವಲ್ಪ ಹೆಚ್ಚೇ ಹಿಡಿಯುತ್ತೆ, ಆದರೆ ನೀವು ನಿಲ್ಲಬೇಕಾದ್ದು ಹತ್ತು ನಿಮಿಷ. ಬೇಳೆ ಇರುವುದರಿಂದ ತಲೆಗೆ ಸುಮಾರು 8 ಗ್ರಾಂ ಪ್ರೊಟೀನ್ ಸಿಗುತ್ತೆ. ಸಿಹಿ ಬೇಕೆನ್ನುವವರು ಬರೀ ಓಟ್ಸ್‌ಗೆ ಮೂರು ಕಪ್ ನೀರಿಟ್ಟು, ಬೆಂದ ಮೇಲೆ ಹಾಲು, ಬಾಳೆಹಣ್ಣು ಸೇರಿಸಲಿ. ಹಾಲನ್ನು ಮೊದಲೇ ಹಾಕಿದರೆ ತಳ ಹಿಡಿಯುತ್ತೆ.

ಆ 15 ನಿಮಿಷದ ಲೆಕ್ಕ

ವರ್ತೂರು ಕೆರೆಯ ನೊರೆ ರಸ್ತೆಗೆ ಬಂದದ್ದನ್ನು ಕಂಡವರಿಗೆ ನೊರೆ ಏನು ಮಾಡಬಲ್ಲದು ಅಂತ ಹೇಳಬೇಕಿಲ್ಲ. ಅಲ್ಲಿ ಸೋಪಿನಂಥ ರಾಸಾಯನಿಕಗಳು ಗುಳ್ಳೆಯನ್ನು ಒಡೆಯದಂತೆ ಹಿಡಿಯುತ್ತವೆ, ಕುಕ್ಕರಿನಲ್ಲಿ ಆ ಕೆಲಸ ಓಟ್ಸ್‌ನ ಪಿಷ್ಟ ಮತ್ತು ಲೋಳೆಯದು.

ಒಳಗಿರುವ ಒಂದು ಲೀಟರ್ ನೀರು 115 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ವಾಲ್ವ್ ತಟ್ಟನೆ ತೆರೆದರೆ ಅದು 97ಕ್ಕೆ ಇಳಿಯಲೇಬೇಕು. 18 ಡಿಗ್ರಿಯ ಶಾಖ, ಅಂದರೆ ಸುಮಾರು 75 ಕಿಲೋಜೌಲ್, ಆವಿಯಾಗಲು ಖರ್ಚಾಗುತ್ತೆ. ಒಂದು ಗ್ರಾಂ ಆವಿಗೆ 2.26 ಕಿಲೋಜೌಲ್ ಲೆಕ್ಕದಲ್ಲಿ 33 ಗ್ರಾಂ ಆವಿ. ಕೇಳೋಕೆ ಕಡಿಮೆ, ಆದರೆ ಹೊರಗಿನ ಒತ್ತಡದಲ್ಲಿ ಅದರ ಗಾತ್ರ ಸುಮಾರು 60 ಲೀಟರ್! 6 ಲೀಟರ್ ಪಾತ್ರೆಯೊಳಗೆ, ಅಂಟಂಟಾದ ಗಂಜಿಯ ನಡುವೆ ಇಷ್ಟು ಆವಿ ಒಮ್ಮೆಗೇ ಹುಟ್ಟಿದರೆ ಬಿಸಿ ಗಂಜಿಯೇ ವಾಲ್ವಿನಿಂದ ಚಿಮ್ಮುತ್ತೆ, ಕೈ-ಮುಖ ಸುಡುತ್ತೆ. ವಾಲ್ವ್ ಕಟ್ಟಿಕೊಂಡರೆ ಇನ್ನೂ ಅಪಾಯ.

ಅದಕ್ಕೇ ಮೂರು ನಿಯಮ: ಪಾತ್ರೆಯನ್ನು ಅರ್ಧಕ್ಕಿಂತ ಮೇಲೆ ತುಂಬಬೇಡಿ, ಎಣ್ಣೆಯೋ ತುಪ್ಪವೋ ಇರಲಿ, ಅದು ನೊರೆ ತಗ್ಗಿಸುತ್ತೆ, ಫ್ಲೋಟ್ ವಾಲ್ವ್ ತಾನಾಗಿ ಕೆಳಗಿಳಿಯದೆ ಮುಚ್ಚಳ ತೆಗೆಯಬೇಡಿ. ಪ್ರತಿ ಸಲ ಗ್ಯಾಸ್ಕೆಟ್, ವಾಲ್ವ್ ಬಿಚ್ಚಿ ತೊಳೆಯಿರಿ.

ಪ್ಲಗ್ಗಿನ ಮಾತು

1000 ವ್ಯಾಟ್ ಕುಕ್ಕರ್ 230 ವೋಲ್ಟ್‌ನಲ್ಲಿ ಎಳೆಯುವುದು 4.3 ಆಂಪಿಯರ್. 6 ಆಂಪಿಯರ್ ಸಾಕೆಟ್ ತಡೆಯುತ್ತೆ. ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ 1500 ವ್ಯಾಟ್ ಕೆಟಲ್ ಕೂಡ ಚುಚ್ಚಿದರೆ ಸುಮಾರು 11 ಆಂಪಿಯರ್, ವೈರ್ ಕಾಯುತ್ತೆ. ಗೋಡೆಯ ಸಾಕೆಟ್ಟಿಗೇ ಹಾಕಿ. ಒಂದು ಸಲದ ಅಡುಗೆಗೆ ಕರೆಂಟ್ ಕಾಲು ಯೂನಿಟ್ ದಾಟುವುದು ಕಷ್ಟ. ಹಾಸ್ಟೆಲ್, ಪಿಜಿ ರೂಮುಗಳಲ್ಲಿ ಇಂಥವಕ್ಕೆ ನಿಷೇಧ ಇದ್ದರೆ ಅಡುಗೆಮನೆಯಲ್ಲಿ ಇಡಲು ಕೇಳಿನೋಡಿ.

ರಾಗಿ ಇರುವಾಗ ಓಟ್ಸ್ ಯಾಕೆ?

ನ್ಯಾಯವಾದ ಪ್ರಶ್ನೆ. ನಮ್ಮ ಸೀಮೆಯದು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಓಟ್ಸ್‌ನಲ್ಲಿ 50ರ ಆಸುಪಾಸು. ಬೀಟಾ ಗ್ಲುಕಾನ್ ವಿಷಯದಲ್ಲಿ ಓಟ್ಸ್ ಮುಂದು. ವಾರದಲ್ಲಿ ಮೂರು ದಿನ ಅದು, ಮೂರು ದಿನ ಇದು ಅಂತ ಹಂಚಿಕೊಳ್ಳಬಹುದು. ಆದರೆ ರಾಗಿ ಹಿಟ್ಟನ್ನು ನೇರವಾಗಿ ಕುಕ್ಕರಿನ ತಳಕ್ಕೆ ಸುರಿಯಬೇಡಿ, ಗಂಟಾಗಿ ಸೀಯುತ್ತೆ. ಅಂಬಲಿಗೆ ಸಾಟೆ ಬಟನ್ ಒತ್ತಿ, ಮುಚ್ಚಳ ಹಾಕದೆ, ತಣ್ಣೀರಲ್ಲಿ ಕದಡಿದ ಹಿಟ್ಟನ್ನು ಕೈಯಾಡಿಸುತ್ತಾ ಕುದಿಸಿ. ಮಜ್ಜಿಗೆ ಬೆರೆಸಿ ಕುಡಿದು ಬಸ್ಸು ಹತ್ತಿ.