ನಾಯಿಗಳಲ್ಲೂ ಯಶೋದೆಯರುಂಟು

ಹೆತ್ತವಳು ದೇವಕಿಯಾದರೂ ಕೃಷ್ಣನನ್ನು ಸಾಕಿ ಬೆಳೆಸಿದವಳು ಯಶೋದೆ. ಪರರ ಶಿಶುವನ್ನು ತನ್ನದೆಂದು ಬಗೆಯುವ ಈ ವಾತ್ಸಲ್ಯ ಮಾನವಕುಲಕ್ಕೆ ಮಾತ್ರ ಮೀಸಲಾದುದಲ್ಲ. ಬೀದಿಯ ಮೂಲೆಯಲ್ಲಿ ಮಲಗಿರುವ, ಯಾರೂ ಕಣ್ಣೆತ್ತಿಯೂ ನೋಡದ ಹೆಣ್ಣುನಾಯಿಯಲ್ಲಿಯೂ ಅದನ್ನು ಕಾಣಬಹುದು.

ನಾಯಿಯ ಗರ್ಭದ ಅವಧಿ ಸುಮಾರು 63 ದಿನಗಳು. ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ಕಣ್ಣು ತೆರೆಯಲು ಹೆಚ್ಚುಕಡಿಮೆ ಎರಡು ವಾರಗಳು ಬೇಕು. ತನ್ನ ಮೈಯ ಶಾಖವನ್ನು ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ತಾಯಿ ನಾಲಗೆಯಿಂದ ನೆಕ್ಕಿ ಪ್ರಚೋದಿಸದಿದ್ದರೆ ಮಲಮೂತ್ರ ವಿಸರ್ಜನೆಯೂ ಸರಿಯಾಗಿ ಆಗದು. ಇಂತಹ ಮರಿ ತಬ್ಬಲಿಯಾದರೆ ಒಂದು ರಾತ್ರಿಯ ಚಳಿಯೇ ಅದರ ಪಾಲಿಗೆ ಮೃತ್ಯುವಾಗಬಲ್ಲದು. ಆಗ ಇನ್ನೊಂದು ನಾಯಿಯ ಮಡಿಲು ದೊರೆತರೆ ಅದೇ ಪುನರ್ಜನ್ಮ.

ಹೆರದ ನಾಯಿಗೂ ತಾಯ್ತನ ಬರುವುದುಂಟೆಂಬುದು ಸೋಜಿಗದ ಸಂಗತಿ. ಬೆದೆಗೆ ಬಂದ ಹೆಣ್ಣುನಾಯಿ ಗಬ್ಬವಾಗಲಿ, ಆಗದಿರಲಿ, ಅನಂತರ ಸುಮಾರು ಎರಡು ತಿಂಗಳ ಕಾಲ ಅದರ ರಕ್ತದಲ್ಲಿ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಹೆಚ್ಚಾಗಿಯೇ ಇರುತ್ತದೆ. ಅದು ಇಳಿಯುತ್ತಿದ್ದಂತೆ, ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಏರುತ್ತದೆ. ಆಗ ಕೆಲವು ನಾಯಿಗಳ ಮೊಲೆಗಳು ತುಂಬಿಕೊಳ್ಳುತ್ತವೆ, ಹಾಲೂ ಒಸರುತ್ತದೆ. ನಾಯಿ ಮನೆಯ ಮೂಲೆಯಲ್ಲಿ ಹಾಸಿಗೆ ಕೆದರಿ ಗೂಡು ಮಾಡುತ್ತದೆ. ಬಟ್ಟೆಯ ಬೊಂಬೆಯನ್ನೋ ಹಳೆಯ ಚಪ್ಪಲಿಯನ್ನೋ ಅಲ್ಲಿಗೆ ತಂದು ಮರಿಯಂತೆ ಕಾಯುತ್ತದೆ. ರೋಗವೇನೋ ತಗುಲಿತೆಂದು ಮನೆಯವರು ಗಾಬರಿಗೊಳ್ಳುವುದು ಸಹಜ. ಇದನ್ನೇ ಹುಸಿಗರ್ಭವೆನ್ನುತ್ತಾರೆ.

ಈ ಹುಸಿಗರ್ಭ ಪೂರ್ವಜರಾದ ತೋಳಗಳಿಂದ ಬಂದ ಬಳುವಳಿಯಿರಬಹುದೆಂದು ಪ್ರಾಣಿಶಾಸ್ತ್ರಜ್ಞರು ಊಹಿಸುತ್ತಾರೆ. ತೋಳಗಳ ಹಿಂಡಿನಲ್ಲಿ ಸಾಮಾನ್ಯವಾಗಿ ಒಂದು ಜೋಡಿಗೆ ಮಾತ್ರ ಮರಿಗಳಾಗುತ್ತವೆ. ಸಾಕುವ ಭಾರವನ್ನು ಹಿಂಡೇ ಹೊರುತ್ತದೆ. ಬಂಡೀಪುರದ ಸೀಳುನಾಯಿಗಳಲ್ಲಿಯೂ ಇದೇ ಪದ್ಧತಿ. ಬೇಟೆಯಿಂದ ಮರಳಿದ ಹಿರಿಯ ನಾಯಿಗಳು, ಗಂಡು ಹೆಣ್ಣೆಂಬ ಭೇದವಿಲ್ಲದೆ, ನುಂಗಿದ ಮಾಂಸವನ್ನು ಕಕ್ಕಿ ಹಿಂಡಿನ ಮರಿಗಳಿಗೆ ಉಣಿಸುತ್ತವೆ.

ಊರಿನ ಬೀದಿನಾಯಿಗಳೂ ಈ ಗುಣವನ್ನು ಮರೆತಿಲ್ಲ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಅವರ ಸಂಗಡಿಗರು ಬೀದಿನಾಯಿಗಳ ಸಂಸಾರವನ್ನು ವರ್ಷಗಟ್ಟಲೆ ಅಭ್ಯಸಿಸಿದ್ದಾರೆ. ಮಗಳ ಮರಿಗಳ ಪೋಷಣೆಗೆ ನೆರವಾದ ಅಜ್ಜಿನಾಯಿಯೊಂದರ ವೃತ್ತಾಂತವನ್ನು ಅವರು 2014ರಲ್ಲಿ ಪ್ರಕಟಿಸಿದರು. 2017ರ ಇನ್ನೊಂದು ಬರಹದಲ್ಲಿ ಮರಿಗಳ ತುಂಟತನದ ಸುದ್ದಿಯಿದೆ. ಏಳನೆಯ ವಾರದಿಂದ ಹದಿಮೂರನೆಯ ವಾರದವರೆಗೆ ಹಾಲು ಬಿಡಿಸಲು ತಾಯಿಯೂ, ಬಿಡೆನೆಂದು ಮರಿಯೂ ಹಟ ಹಿಡಿಯುತ್ತವೆ. ನೆರೆಯಲ್ಲಿ ಹಾಲೂಡುವ ಬೇರೆ ನಾಯಿಗಳಿದ್ದರೆ ಮರಿಗಳು ಅವುಗಳ ಹಾಲನ್ನೂ ಕದ್ದು ಕುಡಿಯುತ್ತವೆ. ಇದರಿಂದ ತಾಯಂದಿರಿಗೆ ನಷ್ಟವಾದಂತೆ ಕಂಡರೂ, ಸಾವು ಹೆಚ್ಚಿರುವ ಬೀದಿಯ ಬಾಳಿನಲ್ಲಿ ಇದು ನಾಯಿಗಳ ಕುಲಕ್ಕೆ ಹಿತವೇ ಇರಬೇಕೆಂಬುದು ಅವರ ಅಭಿಪ್ರಾಯ.

ಆ ಸಾವಿನ ಲೆಕ್ಕವೂ ಅವರಲ್ಲಿದೆ. 2010ರಿಂದ 2015ರವರೆಗೆ 95 ಸೂಲುಗಳಲ್ಲಿ ಹುಟ್ಟಿದ 364 ಮರಿಗಳ ಪೈಕಿ ಪ್ರಾಯಕ್ಕೆ ಬರುವವರೆಗೆ ಉಳಿದವು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ರ ಸಾವಿಗೆ ಮನುಷ್ಯರೇ ಕಾರಣರು.

ತಬ್ಬಲಿ ಮರಿಯನ್ನು ಉಳಿಸಬಯಸುವವರಿಗೆ ಹಸುವಿನ ಹಾಲಿಗಿಂತ ಹಾಲೂಡುವ ಇನ್ನೊಂದು ನಾಯಿಯೇ ಉತ್ತಮ ಆಸರೆ. ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿನ ಎರಡರಷ್ಟಾದರೂ ಇರುತ್ತವೆ. ಸಾಕುತಾಯಿಯ ಮರಿಗಳು ಮಲಗಿದ ಬಟ್ಟೆಯಿಂದ ತಬ್ಬಲಿಯ ಮೈಯೊರಸಿ, ಅದರ ವಾಸನೆಯನ್ನು ಹೊಂದಿಸಿ, ಬಳಿಕ ಮೆಲ್ಲನೆ ಮಡಿಲಿಗೆ ಬಿಡುವುದು ವಾಡಿಕೆ. ಆದರೆ ಎಲ್ಲ ನಾಯಿಗಳೂ ಯಶೋದೆಯರಲ್ಲ. ಕೆಲವು ಗುರುಗುಟ್ಟುತ್ತವೆ, ಕಚ್ಚುವುದೂ ಉಂಟು. ಹೊಸ ಮರಿಯನ್ನು ನೆಕ್ಕಿ ಮೊಲೆಗೆ ಸೇರಿಸಿಕೊಳ್ಳುವವರೆಗೆ ಯಾರಾದರೂ ಹತ್ತಿರವಿದ್ದು ನೋಡಿಕೊಳ್ಳಬೇಕು. ಪಶುವೈದ್ಯರ ಸಲಹೆಯನ್ನು ಪಡೆಯುವುದೂ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಇನ್ನೊಂದಿದೆ. ಚರಂಡಿಯ ಪಕ್ಕದಲ್ಲಿ ಒಂಟಿಯಾಗಿ ಕುಂಯ್‌ಗುಡುವ ಮರಿಗಳೆಲ್ಲ ತಬ್ಬಲಿಗಳಲ್ಲ. ತಾಯಿ ಆಹಾರ ಹುಡುಕಿಕೊಂಡು ಹೋಗಿರಬಹುದು. ಕನಿಕರದಿಂದಲೇ ಆದರೂ ಅವಸರಪಟ್ಟು ಮರಿಗಳನ್ನು ಎತ್ತಿಕೊಂಡು ಹೋದರೆ, ತುಂಬಿದ ಮೊಲೆಗಳೊಡನೆ ಮರಳುವ ತಾಯಿಗೆ ಬರಿಯ ಗೂಡು ಸಿಕ್ಕೀತು. ಆದುದರಿಂದ ಮರಿಗಳನ್ನು ಮುಟ್ಟದೆ, ದೂರದಲ್ಲಿ ನಿಂತು ಕೆಲವು ಗಂಟೆಗಳ ಕಾಲ ಕಾದು ನೋಡುವುದು ವಿವೇಕ.