ಆಫೀಸಿನಲ್ಲಿ ಕಣ್ಣು ತುಂಬಿ ಬಂದರೆ...

ಮಕ್ಕಳು ದೊಡ್ಡವರಾದರೆಂದು ಮತ್ತೆ ಕೆಲಸಕ್ಕೆ ಸೇರಿದ್ದೀರಾ? ಮನೆ-ಆಫೀಸು ಎರಡನ್ನೂ ಹೇಗೋ ತೂಗಿಸುತ್ತೀರಿ. ಆದರೆ 'ನಿನ್ನೆಯ ಫೈಲ್ ಎಲ್ಲಿ ಮೇಡಂ?' ಎಂದು ಮ್ಯಾನೇಜರ್ ಕೇಳಿದರೆ ಸಾಕು, ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಇಲ್ಲವೇ ಸರ್ರನೆ ಸಿಟ್ಟು ಬಂದು ಏನೋ ಅಂದುಬಿಡುತ್ತೀರಿ. ಆಮೇಲೆ ದಿನವಿಡೀ ಅದೇ ಕೊರಗು. 'ಅವಳಾ? ಮುಟ್ಟಿದರೆ ಮುನಿ' ಅಂತ ಪಕ್ಕದ ಸೀಟಿನವರ ಪಿಸುಮಾತು ಬೇರೆ.

ಇದು ಮನಸ್ಸಿನ ದೌರ್ಬಲ್ಯವೇ ಆಗಿರಬೇಕೆಂದಿಲ್ಲ. ಜೊತೆಗೆ ಮರೆವು, ಚಡಪಡಿಕೆ, ಹಿಡಿದ ಕೆಲಸ ಅರ್ಧಕ್ಕೇ ಬಿಡುವುದು ಚಿಕ್ಕಂದಿನಿಂದಲೂ ಇದ್ದರೆ ಕಾರಣ ಎಡಿಎಚ್‌ಡಿ ಇರಬಹುದು. ಇದು ತುಂಟ ಹುಡುಗರ ಸಮಸ್ಯೆ ಮಾತ್ರ ಅಲ್ಲ. ಎಷ್ಟೋ ಹುಡುಗಿಯರು ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ವಂಶವಾಹಿಯಾಗಿ ಬರುವ ತೊಂದರೆಯಾದ್ದರಿಂದ ಮಗುವಿಗೆ ಪರೀಕ್ಷೆ ಮಾಡಿಸುವಾಗ ಅಮ್ಮನಿಗೂ ಇದೆ ಎಂದು ಗೊತ್ತಾಗುವುದುಂಟು.

ಭಾವನೆ ಎಲ್ಲರಿಗೂ ಉಕ್ಕುತ್ತದೆ. ಅದಕ್ಕೆ ಕಡಿವಾಣ ಹಾಕಲು ನೆರವಾಗುವುದು ಹಣೆಯ ಹಿಂದಿರುವ ಮೆದುಳಿನ ಭಾಗ. ಎಡಿಎಚ್‌ಡಿ ಇದ್ದವರಲ್ಲಿ ಆ ಕಡಿವಾಣ ಬೀಳುವುದು ತುಸು ತಡ. ಹಾಗಾಗಿ ನಿಮಗೆ ಬೇಕಾದದ್ದು ಸ್ವಲ್ಪ ಸಮಯ, ಅಷ್ಟೇ.

* 'ಹತ್ತು ನಿಮಿಷದಲ್ಲಿ ನೋಡಿ ಹೇಳ್ತೀನಿ ಸಾರ್.' ಈ ಒಂದು ಮಾತನ್ನು ಮನೆಯಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಳ್ಳಿ.

* ಸೀಟಿನಿಂದ ಏಳಿ. ನೀರು ಕುಡಿಯಿರಿ, ಮೆಟ್ಟಿಲು ಇಳಿದು ಹತ್ತಿ. ಉಸಿರನ್ನು ನಿಧಾನವಾಗಿ ಬಿಡಿ.

* ಸಿಟ್ಟಿನಲ್ಲಿ ಬರೆದ ಮೇಲ್ ಆಗಲಿ, ವಾಟ್ಸಾಪ್ ಮೆಸೇಜ್ ಆಗಲಿ ಕೂಡಲೇ ಕಳಿಸಬೇಡಿ. ಊಟವಾದ ಮೇಲೆ ಮತ್ತೊಮ್ಮೆ ಓದಿ.

* ಬಾಯಲ್ಲಿ ಹೇಳಿದ ಕೆಲಸವನ್ನು ಅಲ್ಲೇ ಬರೆದುಕೊಳ್ಳಿ. ಮರೆತರೆ ಬೈಗುಳ, ಬೈಗುಳದಿಂದ ಅಳು. ಮೊದಲ ಕೊಂಡಿಯನ್ನೇ ಕಳಚಿಬಿಡಿ.

* ಎಲ್ಲರಿಗೂ ಡಬ್ಬಿ ಕಟ್ಟಿ ನೀವು ತಿಂಡಿ ಬಿಟ್ಟು ಓಡಬೇಡಿ. ಹಸಿವು, ನಿದ್ದೆಗೇಡು ಎರಡೂ ತಾಳ್ಮೆ ಕೆಡಿಸುತ್ತವೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಕೆಲವರಿಗೆ ಇದು ಇನ್ನೂ ಜಾಸ್ತಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಅಳು ಬಂದ ಮಾತ್ರಕ್ಕೆ ಎಡಿಎಚ್‌ಡಿ ಎಂದು ನೀವೇ ತೀರ್ಮಾನಿಸಬೇಡಿ. ಖಿನ್ನತೆ, ಆತಂಕ, ಥೈರಾಯ್ಡ್ ತೊಂದರೆಯಲ್ಲೂ ಹೀಗಾಗಬಹುದು. 12 ವರ್ಷಕ್ಕೆ ಮುಂಚೆಯೇ ಲಕ್ಷಣಗಳಿದ್ದವೇ ಎಂದು ಮನೋವೈದ್ಯರು ಕೇಳುತ್ತಾರೆ. ಅಮ್ಮನನ್ನು ವಿಚಾರಿಸಿ, ಹಳೆಯ ಮಾರ್ಕ್ಸ್ ಕಾರ್ಡ್ ಹುಡುಕಿಡಿ. ಆಪ್ತಸಮಾಲೋಚನೆ, ಮಾತ್ರೆ ಎರಡೂ ಇವೆ. ಮಾತ್ರೆ ಮಾತ್ರ ವೈದ್ಯರ ಚೀಟಿಯಿಲ್ಲದೆ ಬೇಡ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಇದು ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನೀವು ಮನೆಯಲ್ಲೇ ಇರುವವರಾದರೆ, ಆಫೀಸಿನಿಂದ ಮುಖ ಬಾಡಿಸಿಕೊಂಡು ಬರುವ ಮಗಳಿಗೋ ಸೊಸೆಗೋ 'ಇಷ್ಟಕ್ಕೆಲ್ಲ ಅಳ್ತಾರಾ?' ಅನ್ನಬೇಡಿ. ಒಂದು ಲೋಟ ಕಾಫಿ ಕೊಟ್ಟು ಸುಮ್ಮನೆ ಕೇಳಿಸಿಕೊಳ್ಳಿ. ಅವಳಿಗೂ ಬೇಕಾದದ್ದು ಆ ಹತ್ತು ನಿಮಿಷವೇ.