ಪದರ ಅಂಗಡಿಯದು, ರುಚಿ ಮನೆಯದು

ಬೇಕರಿಯ ಪಫ್‌ನಂಥದ್ದನ್ನು ಮನೆಯಲ್ಲಿ ಮೊದಲಿನಿಂದ ಕೊನೆಯವರೆಗೆ ನಾವೇ ಮಾಡಲು ಹೊರಟರೆ ಅರ್ಧ ದಿನ ಅದಕ್ಕೇ ಮೀಸಲು. ಮೈದಾ ನಾದಿ, ನಡುವೆ ತಣ್ಣನೆಯ ಬೆಣ್ಣೆಯನ್ನು ಚಪ್ಪಟೆಯಾಗಿ ಇಟ್ಟು ಮುಚ್ಚಿ, ಲಟ್ಟಿಸಿ, ಮೂರು ಮಡಿಕೆ ಮಾಡಿ, ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ಮತ್ತೆ ಲಟ್ಟಿಸಬೇಕು. ಹೀಗೆ ಆರು ಸಲ ಮಡಿಚಿದರೆ ಬೆಣ್ಣೆಯ ಪದರಗಳ ಲೆಕ್ಕ 729ಕ್ಕೆ ಏರುತ್ತದೆ. ಬೆಣ್ಣೆ 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ನೀರಾಗುತ್ತದೆ, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಮಂಗಳೂರಿನ ಸೆಕೆಯಲ್ಲೋ ರಾಯಚೂರಿನ ಏಪ್ರಿಲ್‌ನಲ್ಲೋ ಅದು ಹಿಟ್ಟಿನೊಳಗೆ ಬೆರೆತುಹೋದರೆ ಪದರ ನಿಲ್ಲದು, ಸಿಗುವುದು ಬಿಸ್ಕತ್ತಿನಂಥ ಗಟ್ಟಿ ತುಂಡು. ಇದೇ ಕೆಲಸವನ್ನು ತಂಪು ಕೋಣೆಯಲ್ಲಿ ಯಂತ್ರ ಮಾಡಿಮುಗಿಸಿದ ಹಾಳೆಗಳು ಈಗ ನಗರಗಳ ಸೂಪರ್‌ಮಾರ್ಕೆಟ್ ಫ್ರೀಜರ್‌ಗಳಲ್ಲಿ ಸಿಗುತ್ತವೆ. ಅವನ್ನು ತಂದು ಪಫ್ ಮಾಡುವುದು ಸೋಮಾರಿತನವಲ್ಲ, ಸರಿಯಾದ ಕೆಲಸ ಹಂಚಿಕೆ. ಷರತ್ತು ಒಂದೇ: ಅಂಗಡಿಯಿಂದ ಶ್ರಮವನ್ನು ಕೊಳ್ಳಬೇಕು, ರುಚಿಯನ್ನಲ್ಲ.

ಹಾಗಾದರೆ ಅದನ್ನು ಮನೆಯ ತಿಂಡಿ ಎನ್ನಬಹುದೇ ಎಂಬ ಆಕ್ಷೇಪ ಸಹಜ. ನಮ್ಮದೇ ಪದರದ ತಿಂಡಿ ಚಿರೋಟಿಯನ್ನು ನೋಡಿ. ತೆಳ್ಳಗಿನ ಪೂರಿಗಳ ನಡುವೆ ತುಪ್ಪ, ಅಕ್ಕಿಹಿಟ್ಟಿನ ಲೇಪ ಸವರಿ, ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿ ಕರಿಯುವ ಈ ತಿಂಡಿಗೆ ಬೇಕಾದ ನಯವಾದ ರವೆ ಬರುವುದು ಗಿರಣಿಯಿಂದ. ಮದುವೆಯ ಚಿರೋಟಿಯನ್ನಂತೂ ಅಡುಗೆಭಟ್ಟರಿಗೇ ಒಪ್ಪಿಸುತ್ತೇವೆ. ಅಂಗಡಿಯ ಶಾವಿಗೆಯಲ್ಲಿ ಮಾಡಿದ ಪಾಯಸವನ್ನು ಯಾರೂ ಹೊರಗಿನದು ಎನ್ನುವುದಿಲ್ಲ. ಪದರದ ಹಿಟ್ಟಿನ ವಿಷಯದಲ್ಲಿ ಯುರೋಪಿನ ಮನೆಗಳೂ ಹೀಗೆಯೇ ನಡೆದುಕೊಂಡಿವೆ. ಸಿದ್ಧ ಹಿಟ್ಟು ಮಾರುವ ಜಸ್-ರೋಲ್ ಸ್ಕಾಟ್ಲೆಂಡಿನ ಕೋಲ್ಡ್‌ಸ್ಟ್ರೀಮ್‌ನಲ್ಲಿ ಶುರುವಾದದ್ದು 1954ರಲ್ಲಿ. ಪೇಸ್ಟ್ರಿಗೆ ಹೆಸರಾದ ಫ್ರಾನ್ಸಿನಲ್ಲೇ ಸುರುಳಿ ಸುತ್ತಿದ ಹಾಳೆ ದಿನಸಿಯ ಜೊತೆ ಮನೆಗೆ ಬರುತ್ತದೆ. ಕಷ್ಟದ, ಒಂದೇ ಬಗೆಯ ಕೆಲಸವನ್ನು ಹೊರಗೆ ಬಿಟ್ಟು, ಮನೆಮನೆಗೂ ಬೇರೆಯಾಗುವುದನ್ನು ಒಳಗೆ ಉಳಿಸಿಕೊಳ್ಳುವುದೇ ಎಲ್ಲೆಡೆಯ ರೂಢಿ.

ಒಳಗೆ ಉಳಿಯುವುದೇನೂ ಕಡಿಮೆಯಲ್ಲ. ನಮ್ಮ ಬೇಕರಿಗಳ ದಿಲ್‌ಪಸಂದ್ ಇದಕ್ಕೆ ಒಳ್ಳೆಯ ಪರೀಕ್ಷೆ. ಹಾಳೆಯನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್ಜಿನ ಕೆಳ ಅರೆಗೆ ಇಳಿಸಬೇಕು; ಮಡಿಚಿದರೆ ಸೀಳಬಾರದು, ಬೆರಳಿಗೆ ಅಂಟಲೂ ಬಾರದು, ಅದೇ ಹದ. ಎರಡು ವೃತ್ತ ಕತ್ತರಿಸಲು ಚಾಕು ಹರಿತವಾಗಿರಲಿ, ಮೊಂಡು ಅಲಗು ಅಂಚಿನ ಪದರಗಳನ್ನು ಒತ್ತಿ ಅಂಟಿಸಿಬಿಡುತ್ತದೆ. ಕಾಯಿತುರಿ, ಸಕ್ಕರೆ, ಟೂಟಿಫ್ರೂಟಿ, ಏಲಕ್ಕಿಯ ಹೂರಣವನ್ನು ಬಾಣಲೆಯಲ್ಲಿ ಪಸೆ ಆರುವವರೆಗೆ ಬಾಡಿಸಿ, ಪೂರ್ತಿ ತಣಿಸಿ ತುಂಬಬೇಕು. ಹಸಿ ಹೂರಣ ತಳವನ್ನು ಒದ್ದೆಯಾಗಿಸುತ್ತದೆ, ಬಿಸಿ ಹೂರಣ ಬೆಣ್ಣೆಯನ್ನು ಕರಗಿಸುತ್ತದೆ. ಮೇಲೆ ಹಾಲು ಸವರುವಾಗ ಅದು ಅಂಚಿಗೆ ಇಳಿಯಬಾರದು, ಇಳಿದರೆ ಅಲ್ಲಿ ಪದರ ಬಿಚ್ಚದು. ಓವನ್ ಮೊದಲೇ 200 ಡಿಗ್ರಿಗೆ ಕಾದಿರಬೇಕು. ಹಿಟ್ಟಿನ ನೀರು, ಜೊತೆಗೆ ಬೆಣ್ಣೆಯಲ್ಲಿರುವ ಶೇ 16ರಷ್ಟು ನೀರು ತಟ್ಟನೆ ಆವಿಯಾದರೆ ಮಾತ್ರ ಪದರಗಳು ಮೇಲೇಳುತ್ತವೆ. ಬಿಸಿ ಸಾಲದಿದ್ದರೆ ಹಿಟ್ಟು ಗಟ್ಟಿಯಾಗುವ ಮೊದಲೇ ಜಿಡ್ಡು ತಟ್ಟೆಗೆ ಹರಿಯುತ್ತದೆ. ಕುಕ್ಕರ್‌ನಲ್ಲಿ ಕೇಕ್ ಆದೀತು, ಪಫ್‌ಗೆ ಮೇಲಿನಿಂದಲೂ ಕಾವು ಬೇಕು. ಇದೆಲ್ಲ ಅಡುಗೆಯ ಜಾಣ್ಮೆಯೇ, ಪೊಟ್ಟಣದಲ್ಲಿ ಬರುವಂಥದ್ದಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಆರೋಗ್ಯದ್ದು. ಅಗ್ಗದ ಹಾಳೆಗಳಲ್ಲಿ ಬೆಣ್ಣೆಯ ಬದಲು ವನಸ್ಪತಿ ಅಥವಾ ಮಾರ್ಗರಿನ್ ಇರುತ್ತದೆ. ತಯಾರಕರಿಗೆ ಅದು ಅನುಕೂಲ: ಬೆಲೆ ಕಡಿಮೆ, ಬಿಸಿಗೆ ಬೇಗ ಕರಗದು. ಆ ಗುಣವೇ ತಿನ್ನುವವರಿಗೆ ದೋಷ. ಬಾಯಿಯ ಬಿಸಿ 37 ಡಿಗ್ರಿ. ಬೆಣ್ಣೆ ಅಲ್ಲಿ ಕರಗುತ್ತದೆ, ಅದಕ್ಕಿಂತ ಗಟ್ಟಿಯಾದ ಕೊಬ್ಬು ಅಂಗುಳಕ್ಕೆ ಅಂಟಿ ಕೂರುತ್ತದೆ. ಟ್ರಾನ್ಸ್ ಕೊಬ್ಬಿನ ಭಯ ಮೊದಲಿನಷ್ಟಿಲ್ಲ ಎನ್ನಲು ಕಾರಣವಿದೆ, ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇ 2ನ್ನು ಮೀರಬಾರದೆಂಬ ನಿಯಮ ದೇಶದಲ್ಲಿ 2022ರಿಂದ ಜಾರಿಯಲ್ಲಿದೆ. ಆದರೆ ಬೆಣ್ಣೆಯದಾದರೂ ಇದು ಮೈದಾ ಮತ್ತು ಕೊಬ್ಬಿನ ತಿಂಡಿಯೇ, ಮನೆಯಲ್ಲಿ ಬೇಯಿಸಿದ ಮಾತ್ರಕ್ಕೆ ಪಥ್ಯವಾಗದು. ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದಿ, ಬೆಣ್ಣೆಯದಿದ್ದರೆ ನಾಲ್ಕು ಕಾಸು ಹೆಚ್ಚು ಕೊಟ್ಟು, ಅಪರೂಪಕ್ಕೆ ಮಾಡುವುದು ಲೇಸು.

ಸಿದ್ಧ ವಸ್ತು ಬಂದರೆ ಕೈಗುಣ ಹೋಗುತ್ತದೆ ಎಂಬ ಅಳಲಿನಲ್ಲಿಯೂ ಹುರುಳಿದೆ. ಆದರೆ ಹೋಗುವುದು ಹಾಳೆಯಿಂದಲ್ಲ, ಅದರ ಜೊತೆಗೆ ಡಬ್ಬಿಯ ಹಣ್ಣಿನ ಹೂರಣ, ಟ್ಯೂಬಿನ ಕ್ರೀಮ್, ಪುಡಿಯ ಕಸ್ಟರ್ಡ್ ಎಲ್ಲವನ್ನೂ ತಂದು ಜೋಡಿಸುವುದರಿಂದ. ಹಾಳೆಗೆ ತನ್ನದೆಂಬ ರುಚಿ ಕಡಿಮೆ, ಅದು ಯಾವ ಹೂರಣಕ್ಕೂ ಒಗ್ಗುತ್ತದೆ. ಡಬ್ಬಿಯ ಹೂರಣವಾದರೋ ಎಲ್ಲ ಮನೆಯಲ್ಲೂ ಒಂದೇ ರುಚಿ, ಅದೂ ಬರೀ ಸಿಹಿ. ಆಲೂಗಡ್ಡೆ, ಬಟಾಣಿ ಪಲ್ಯಕ್ಕೆ ಹಸಿಮೆಣಸು ಎಷ್ಟು, ಕಾಯಿತುರಿಗೆ ಸಕ್ಕರೆಯೋ ಬೆಲ್ಲವೋ, ಬಾದಾಮಿ ಮಾವು ಬಂದಾಗ ಹೋಳುಗಳನ್ನು ಹಾಗೇ ಹಾಕುವುದೋ ಬಾಡಿಸಿ ಹಾಕುವುದೋ ಎಂಬ ತೀರ್ಮಾನಗಳು ಮನೆಯವರದಾಗಿರುವಷ್ಟು ಕಾಲ ಕೈಗುಣಕ್ಕೆ ಧಕ್ಕೆಯಿಲ್ಲ. ಹಾಳೆಯ ಸ್ವಭಾವ ಅರಿತವರಿಗೆ ಮುಂದೊಂದು ದಿನ ಬೆಣ್ಣೆ ಮಡಿಚುವ ಹುಮ್ಮಸ್ಸು ಬಂದರೆ, ತಾವು ಎಂಥ ಹಿಟ್ಟನ್ನು ಪಡೆಯಬೇಕು ಎಂಬುದಾದರೂ ಆಗಲೇ ಗೊತ್ತಿರುತ್ತದೆ.